ಸ್ಟೀರಾಯ್ಡ್ ಔಷಧ: ಭಯವೂ ಬೇಡ, ದುಡುಕೂ ಬೇಡ

ವೈರಸ್‌ನಿಂದ ತೀವ್ರ ನ್ಯುಮೋನಿಯಾ ಆದವರಿಗೆ ವೈದ್ಯರು ಸ್ಟೀರಾಯ್ಡ್ ಬರೆದಾಗ ಸಂಬಂಧಿಕರು ನಮ್ಮನ್ನು ಎರಡು ಬಗೆಯ ಪ್ರಶ್ನೆ ಕೇಳುತ್ತಾರೆ. "ಸಿಸ್ಟರ್, ಸ್ಟೀರಾಯ್ಡ್ ಕೊಟ್ಟರೆ ಕಿಡ್ನಿ ಹೋಗುತ್ತದಂತೆ, ಬೇಡ ಅನ್ನಬಹುದೇ?" ಎಂಬುದು ಒಂದು. "ಪಕ್ಕದ ಬೆಡ್ಡಿನವರಿಗೆ ಕೊಟ್ಟಿದ್ದೀರಿ, ನಮ್ಮ ಅಪ್ಪನಿಗೆ ಯಾಕಿಲ್ಲ?" ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ತಿಳಿದಿರಲಿ.

ಸ್ಟೀರಾಯ್ಡ್ ಎಂದರೇನು?

ಕಿಡ್ನಿಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ದಿನವೂ ತಯಾರಿಸುತ್ತವೆ. ಅದನ್ನೇ ಹೋಲುವ ಔಷಧಗಳು ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಹೈಡ್ರೋಕಾರ್ಟಿಸೋನ್ ಮುಂತಾದವು. ಮೈಕಟ್ಟು ಬೆಳೆಸಲು ಕೆಲವರು ತೆಗೆದುಕೊಳ್ಳುವ ಸ್ಟೀರಾಯ್ಡ್ ಬೇರೆ.

ಇದು ವೈರಸ್ಸನ್ನು ಕೊಲ್ಲುವುದಿಲ್ಲ. ಕೆಲವರಲ್ಲಿ ವೈರಸ್ ವಿರುದ್ಧ ಹೋರಾಡುವ ದೇಹದ ರಕ್ಷಣಾ ಶಕ್ತಿಯೇ ಮಿತಿ ಮೀರಿ ಶ್ವಾಸಕೋಶದಲ್ಲಿ ಉರಿಯೂತ ಉಂಟುಮಾಡುತ್ತದೆ. ಗಾಳಿಚೀಲಗಳಲ್ಲಿ ನೀರು ತುಂಬಿ, ರಕ್ತಕ್ಕೆ ಆಮ್ಲಜನಕ ಸಾಲದಾಗುತ್ತದೆ. ಸ್ಟೀರಾಯ್ಡ್ ತಗ್ಗಿಸುವುದು ಈ ಉರಿಯೂತವನ್ನು.

ಯಾರಿಗೆ ಉಪಯೋಗ?

2020ರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನಡೆದ 'ರಿಕವರಿ' ಅಧ್ಯಯನದಲ್ಲಿ ಕೋವಿಡ್ ರೋಗಿಗಳಿಗೆ ದಿನಕ್ಕೊಮ್ಮೆ 6 ಮಿ.ಗ್ರಾಂ ಡೆಕ್ಸಾಮೆಥಾಸೋನನ್ನು ಗರಿಷ್ಠ 10 ದಿನ ಕೊಟ್ಟರು. ವೆಂಟಿಲೇಟರ್‌ನಲ್ಲಿದ್ದವರ ಪೈಕಿ 28 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 41ರಿಂದ 29ಕ್ಕೆ ಇಳಿದರು. ಆಕ್ಸಿಜನ್ ಮಾತ್ರ ಪಡೆಯುತ್ತಿದ್ದವರಲ್ಲಿ 26ರಿಂದ 23ಕ್ಕೆ ಇಳಿದರು. ಆಕ್ಸಿಜನ್ ಬೇಕಿಲ್ಲದವರಿಗೆ ಮಾತ್ರ ಪ್ರಯೋಜನ ಕಾಣಲಿಲ್ಲ. ಹಾನಿಯ ಸಾಧ್ಯತೆಯನ್ನೂ ತಳ್ಳಿಹಾಕುವಂತಿರಲಿಲ್ಲ. ಪಕ್ಕದ ಬೆಡ್ಡಿನವರಿಗೆ ಕೊಟ್ಟು ನಿಮ್ಮವರಿಗೆ ಕೊಡದಿರಲು ಇದೇ ಕಾರಣವಿರಬಹುದು.

ಇದು ಕೋವಿಡ್‌ಗೆ ಸಿಕ್ಕ ಉತ್ತರ. ಎಲ್ಲ ವೈರಸ್‌ಗೂ ಇದೇ ಅಲ್ಲ. ತೀವ್ರ ಫ್ಲೂ ರೋಗಕ್ಕೆಂದೇ ಸ್ಟೀರಾಯ್ಡ್ ಕೊಡದಿರುವಂತೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಲಹೆ ನೀಡಿತು. ಆಸ್ತಮಾದಂಥ ಬೇರೆ ಕಾರಣವಿದ್ದರೆ ವೈದ್ಯರು ಕೊಡಬಹುದು.

2021ರ ಪಾಠ

ವೈದ್ಯರು ಹೇಳಿದ ಕೆಲವು ದಿನದ ಪ್ರಮಾಣದಿಂದ ಕಿಡ್ನಿ ಕೆಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಾವು ಹೆಚ್ಚು ಎಚ್ಚರ ವಹಿಸುವುದು ರಕ್ತದ ಸಕ್ಕರೆ ಮತ್ತು ಸೋಂಕಿನ ಬಗ್ಗೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ರಾಜ್ಯವೂ ಸೇರಿ ದೇಶದಾದ್ಯಂತ ಕಪ್ಪು ಶಿಲೀಂಧ್ರ ರೋಗ ಹರಡಿತು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಅಗತ್ಯ ಮೀರಿದ ಸ್ಟೀರಾಯ್ಡ್ ಬಳಕೆ ಅದಕ್ಕೆ ಮುಖ್ಯ ಕಾರಣಗಳು. ಕೆಲವರು ಕಣ್ಣನ್ನೇ ಕಳೆದುಕೊಂಡರು.

ನೀವು ಗಮನಿಸಬೇಕಾದದ್ದು

1. ರೋಗಿಗೆ ಸಕ್ಕರೆ ಕಾಯಿಲೆ, ಕ್ಷಯ, ಹೊಟ್ಟೆಹುಣ್ಣು ಇದ್ದರೆ ಅಥವಾ ಮೊದಲೇ ಸ್ಟೀರಾಯ್ಡ್ ಸೇವಿಸುತ್ತಿದ್ದರೆ ಮುಚ್ಚಿಡದೆ ಹೇಳಿ.

2. ಸಕ್ಕರೆ ಕಾಯಿಲೆ ಇಲ್ಲದವರಿಗೂ ಬೆರಳಿನಿಂದ ರಕ್ತ ತೆಗೆದು ಪರೀಕ್ಷಿಸುತ್ತೇವೆ. ಕೆಲವು ದಿನ ಇನ್ಸುಲಿನ್ ಬೇಕಾಗಬಹುದು. ನಮ್ಮನ್ನು ಕೇಳದೆ ಗ್ಲೂಕೋಸ್ ನೀರು, ಸಿಹಿ ಚಹಾ, ಬಾಳೆಹಣ್ಣು ಕೊಡಬೇಡಿ.

3. ನಿದ್ದೆ ಬಾರದಿರುವುದು, ಸಿಡುಕು, ಗೊಂದಲದ ಮಾತು ಔಷಧದಿಂದಲೂ ಬರಬಹುದು. ರೋಗಿಯನ್ನು ಗದರಿಸಬೇಡಿ, ನಮಗೆ ತಿಳಿಸಿ.

4. ಹೊಟ್ಟೆ ಉರಿ, ಕಪ್ಪು ಮಲ ಕಂಡರೆ ಕೂಡಲೇ ಹೇಳಿ.

5. ಮನೆಗೆ ಹೋದ ಮೇಲೂ ಮುಖದ ಒಂದು ಬದಿ ನೋವು ಅಥವಾ ಊತ, ಮೂಗಿನಿಂದ ಕಪ್ಪು ಸ್ರಾವ, ಕಣ್ಣು ಮಂಜಾಗುವುದು ಅಥವಾ ಒಂದು ಎರಡಾಗಿ ಕಾಣುವುದು ಇದ್ದರೆ ಅದೇ ದಿನ ಬನ್ನಿ.

6. ಹಳೆಯ ಚೀಟಿ ತೋರಿಸಿ ಮೆಡಿಕಲ್ ಷಾಪ್‌ನಿಂದ ಮತ್ತೆ ತರಬೇಡಿ, ಉಳಿದ ಮಾತ್ರೆಯನ್ನು ಮನೆಯ ಇತರರಿಗೆ ಕೊಡಬೇಡಿ. ಆದರೆ ಬಹುಕಾಲದಿಂದ ಸ್ಟೀರಾಯ್ಡ್ ಸೇವಿಸುತ್ತಿರುವವರು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮಿನ ಜೊತೆ ಏದುಸಿರು ಬಂದರೆ, ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ಮಾತ್ರೆ ಹುಡುಕುತ್ತಾ ಹೊತ್ತು ಕಳೆಯಬೇಡಿ. ನೇರವಾಗಿ ಆಸ್ಪತ್ರೆಗೆ ಕರೆತನ್ನಿ.