ಮನೆಗಾಡಿ ಕೊಳ್ಳಹೊರಟ ಹುಡುಗರಿಗೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ನಮ್ಮ ಸೀಮೆಯ ಹುಡುಗರಿಗೆ ಒಂದು ಹೊಸ ಆಸೆ ಹುಟ್ಟಿದೆ. ಹಾಸಿಗೆ, ಒಲೆ, ಸಿಂಕು ಎಲ್ಲ ಕೂರಿಸಿರುವ ಹಳೆಯ ಟೆಂಪೊ ಟ್ರಾವೆಲರನ್ನೋ ಮಿನಿ ಬಸ್ಸನ್ನೋ ಕೊಂಡು, ರಂಗನತಿಟ್ಟು, ಸಂಗಮ, ಮೇಲುಕೋಟೆ ನೋಡಲು ಬರುವವರಿಗೆ ಬಾಡಿಗೆಗೆ ಬಿಡಬೇಕು ಎಂಬ ಆಸೆ. ಸಿನಿಮಾ ಶೂಟಿಂಗಿಗೆ ದುಡಿದು ಹಳತಾದ ಕ್ಯಾರವಾನುಗಳೂ ಸೆಕೆಂಡ್ ಹ್ಯಾಂಡಿಗೆ ಸಿಗುತ್ತವೆ. ಆಸೆ ತಪ್ಪಲ್ಲ. ನನ್ನ ಆತಂಕವೆಲ್ಲ ನೀವು ಗಾಡಿ ನೋಡುವ ರೀತಿಯ ಬಗ್ಗೆ. ಮೊಬೈಲಿನಲ್ಲಿ ನಾಲ್ಕು ಫೋಟೊ, ಕಿಟಕಿಗೆ ಬಣ್ಣದ ಪರದೆ, ಮೇಲೆ ಸಾಲು ದೀಪ. ಅಷ್ಟಕ್ಕೇ ಮುಂಗಡ ಹೋಗಿಬಿಟ್ಟಿರುತ್ತದೆ.

ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಗೆ ನಿಮ್ಮ ತಾತಂದಿರು ಹೋಗುತ್ತಿದ್ದರಲ್ಲ, ಅವರು ರಾಸು ಕೊಳ್ಳುತ್ತಿದ್ದ ಬಗೆ ಕೇಳಿದ್ದೀರಾ? ಹಳ್ಳಿಕಾರ್ ಜೋಡಿ ಎಷ್ಟೇ ಲಕ್ಷಣವಾಗಿರಲಿ, ಕೊಂಬಿನ ಬಣ್ಣ, ಕೊರಳ ಗೆಜ್ಜೆ ನೋಡಿ ಯಾರೂ ದುಡ್ಡು ಬಿಚ್ಚುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಸುಳಿ ಹುಡುಕುತ್ತಿದ್ದರು. ನಡೆಸಿ, ನೊಗ ಹೂಡಿ, ಎಳೆಸಿ ನೋಡಿದ ಮೇಲೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಸುಳಿಯ ಶಕುನದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಸುಳಿ ಹುಡುಕುವ ನೆಪದಲ್ಲಿ ಮೈಯೆಲ್ಲ ತಡವಿದಾಗ ಗಾಯ, ಬಾವು ಕೈಗೆ ಸಿಕ್ಕೇ ಸಿಗುತ್ತಿತ್ತು.

ಮನೆಗಾಡಿಯನ್ನೂ ಹಾಗೆಯೇ ತಡವಿ ನೋಡಿ. ಅದರ ದೊಡ್ಡ ಶತ್ರು ಇಂಜಿನ್ನಿನ ಸವಕಳಿಯಲ್ಲ, ನೀರು. ಏಸಿ, ಗಾಳಿಕಿಂಡಿ ಕೂರಿಸಲು ಛಾವಣಿ ಕೊರೆದಿರುತ್ತಾರೆ. ಆ ಸಂದಿಗೆ ಮೆತ್ತಿದ ಸೀಲಂಟ್ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಅಲ್ಲಿಂದ ಇಳಿದ ನೀರು ಒಳಗೋಡೆಯ ಪ್ಲೈವುಡ್ಡಿನ ಹಿಂದೆ ಸದ್ದಿಲ್ಲದೆ ಕೂರುತ್ತದೆ. ಹೊಸ ಸನ್‌ಮೈಕಾ ಅಂಟಿಸಿದರೆ ಮೇಲಕ್ಕೆ ಏನೂ ಕಾಣದು. ಕಿಟಕಿಯ ಕೆಳಮೂಲೆ, ಸಿಂಕಿನ ಅಡಿ, ಹಾಸಿಗೆಯ ಹಿಂಬದಿ, ಈ ಮೂರು ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿದರೆ ಒಳಗೆ ಕೊಳೆತಿದೆ. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತೋ, ಊದುಬತ್ತಿ ವಾಸನೆ ಬಂತೋ ಗಮನಿಸಿ. ನನಗೆ ಎರಡನೆಯದರ ಮೇಲೇ ಹೆಚ್ಚು ಅನುಮಾನ. ನೆಲದ ಮ್ಯಾಟ್ ಎತ್ತಿಸಿ. ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ಛಾಸಿ ನೋಡಿ; ಹಪ್ಪಳೆ ಎದ್ದ ತುಕ್ಕಿಗೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಗಾಡಿಯ ಹೊರಮೈಗೆ ಒಂದು ಅಯಸ್ಕಾಂತ ಹಿಡಿಯಿರಿ. ತಗಡಿನ ಮೇಲೆ ಅದು ಕಚ್ಚದ ಕಡೆ ಪುಟ್ಟಿ ಮೆತ್ತಿದೆ.

ಮಟಡೋರ್ ವ್ಯಾನುಗಳ ಕಾಲದಲ್ಲಿ ಪಾಂಡವಪುರದ ಕಡೆ ಗಾಡಿ ಕೊಳ್ಳುವವರು ಮಾಲೀಕನಿಗಿಂತ ಮೊದಲು ಡ್ರೈವರನ್ನು, ಅದನ್ನು ಬಿಚ್ಚಿ ಕಟ್ಟಿದ ಮೆಕ್ಯಾನಿಕ್ಕನ್ನು ಮಾತಾಡಿಸುತ್ತಿದ್ದರು. ಒಂದು ಟೀ ಕುಡಿಸಿದರೆ ಗಾಡಿಯ ಜಾತಕವೇ ಸಿಗುತ್ತಿತ್ತು. ಈಗಲೂ ನಿಮ್ಮೂರಿನಲ್ಲಿ ನಂಬಿಕಸ್ಥ ಮೆಕ್ಯಾನಿಕ್ ಇದ್ದಾನೆ. ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಹೋದಾಗ ಇಂಜಿನ್ ಆಗಲೇ ಬಿಸಿಯಾಗಿದ್ದರೆ, "ನಾಳೆ ಬರ್ತೀವಿ ಅಣ್ಣ, ಸ್ಟಾರ್ಟ್ ಮಾಡ್ಬೇಡಿ" ಎಂದು ವಾಪಸ್ ಬನ್ನಿ. ತಣ್ಣಗಿರುವಾಗ ಹೇಗೆ ಹತ್ತಿಕೊಳ್ಳುತ್ತದೆ ಎಂಬುದೇ ಡೀಸೆಲ್ ಇಂಜಿನ್ನಿನ ಪರೀಕ್ಷೆ. ನೀಲಿ ಹೊಗೆ ನಿಲ್ಲದಿದ್ದರೆ ಅದು ಆಯಿಲ್ ಕುಡಿಯುತ್ತಿದೆ. ಆಮೇಲೆ ನೀರಿನ ಟ್ಯಾಂಕ್ ತುಂಬಿಸಿ, ಜಕ್ಕನಹಳ್ಳಿಯಿಂದ ಮೇಲುಕೋಟೆ ಬೆಟ್ಟ ಹತ್ತಿಸಿ. ಏರುವಾಗ ಟೆಂಪರೇಚರ್ ಮುಳ್ಳು, ಇಳಿಯುವಾಗ ಬ್ರೇಕು.

ಟೈರಿನ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ನಿಂತೇ ಇದ್ದ ಗಾಡಿಯ ಟೈರು ಸವೆದಿರುವುದಿಲ್ಲ, ಹೊಸದರಂತೆ ಕಾಣುತ್ತದೆ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ: 3214 ಎಂದಿದ್ದರೆ 2014ರ 32ನೇ ವಾರದಲ್ಲಿ ತಯಾರಾದದ್ದು. ಅದರ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯಬೇಡಿ.

"ವಿಂಟೇಜ್ ಗಾಡಿ ಸಾರ್" ಎಂದು ಬೆಲೆ ಏರಿಸುವವರ ಮಾತಿಗೆ ಮರುಳಾಗಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಛಾಸಿ, ಬಾಡಿ ಮೂಲ ರೂಪದಲ್ಲೇ ಇರಬೇಕು. ಬಾಡಿ ಕತ್ತರಿಸಿ ಮಂಚ ಕೂರಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಬಂದರೂ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ.

ಇನ್ನು ಕಾಗದ. ಆರ್‌ಸಿಯಲ್ಲಿ ಮಿನಿ ಬಸ್ ಎಂದಿದ್ದು ಒಳಗೆ ಅಡುಗೆಮನೆ ಇದ್ದರೆ ಕೇಳಿ: ಈ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಎಲ್ಲಿ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದೇ ಇದಕ್ಕೆ. ಅಪಘಾತವಾದಾಗ ವಿಮೆಯವರು ಮೊದಲು ಹಿಡಿಯುವುದೂ ಇದನ್ನೇ. ಛಾಸಿ ನಂಬರನ್ನು ಕಬ್ಬಿಣದ ಮೇಲೆಯೇ ಓದಿ ತಾಳೆ ನೋಡಿ. ಸಾಲ ತೀರಿದೆ ಎಂದರೆ ಬ್ಯಾಂಕಿನ ಎನ್‌ಓಸಿ, 35ನೇ ನಮೂನೆ ಕೈಗೆ ಬರಬೇಕು. ಬಾಡಿಗೆಗೆ ಬಿಡುವುದಾದರೆ ಹಳದಿ ಬೋರ್ಡು, ಪರ್ಮಿಟ್ಟು ಬೇಕು. ಗಾಡಿಗೆ ಎಂಟು ವರ್ಷ ತುಂಬಿದ್ದರೆ ಪ್ರತಿವರ್ಷ ಎಫ್‌ಸಿ. 29, 30ನೇ ನಮೂನೆಗೆ ಸಹಿ ಬೀಳದೆ ಪೂರ್ತಿ ಹಣ ಕೊಡಬೇಡಿ. ಮಂಡ್ಯದ ಕೆಎ 11 ಕಚೇರಿಯಾಗಲಿ, ನಾಗಮಂಗಲದ ಕೆಎ 54 ಆಗಲಿ, ಒಂದು ದಿನ ಕೆಲಸ ಬಿಟ್ಟು ನೀವೇ ಹೋಗಿ ವಿಚಾರಿಸಿ. ಏಜೆಂಟರ ಬಾಯಿಮಾತು ಸಾಲದು.

ಬೇಸಿಗೆಯಲ್ಲಿ ನೋಡಿ ಮೆಚ್ಚಿದ ಗಾಡಿಗೆ ಅವಸರಪಟ್ಟು ದುಡ್ಡು ಕೊಡಬೇಡಿ. ಮಾರುವವನು "ಇನ್ನೊಂದು ಪಾರ್ಟಿ ರೆಡಿ ಇದೆ" ಎಂದರೆ ಹೇಳಿಕೊಳ್ಳಲಿ ಬಿಡಿ. ಒಂದು ದೊಡ್ಡ ಮಳೆ ಹೊಡೆದ ಮಾರನೆಯ ಬೆಳಿಗ್ಗೆ, ಹೇಳದೆ ಕೇಳದೆ ಇನ್ನೊಮ್ಮೆ ಹೋಗಿ ಬಾಗಿಲು ತೆಗೆಸಿ ನೋಡಿ.