ನೀರು ಎಲ್ಲೆಲ್ಲಿ ಹೊಕ್ಕಿದೆ? ಹಳೆ ದೋಣಿ ಕೊಳ್ಳುವ ಮುಂಚಿನ ಪಾಠ

ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳುವಾಗ ನಾವೆಲ್ಲ ಏನು ಮಾಡ್ತೀವಿ? ಒಂದು ಕಿಕ್ ಹೊಡೆದು, ಸೈಲೆನ್ಸರ್ ಹೊಗೆ ನೋಡಿ, ಹಾಸ್ಟೆಲ್ ಸುತ್ತ ಒಂದು ರೌಂಡ್ ಹಾಕ್ತೀವಿ. ಬೈಕ್ ನಡುದಾರಿಯಲ್ಲಿ ಕೈಕೊಟ್ಟರೆ ಇಳಿದು ತಳ್ಳಬಹುದು. ದೋಣಿ ಕೈಕೊಟ್ಟರೆ ಇಳಿಯೋದೆಲ್ಲಿಗೆ?

ಕಳೆದ ಸೆಮಿಸ್ಟರ್ ರಜೆಯಲ್ಲಿ ಈ ಪ್ರಶ್ನೆ ನಮ್ಮೆದುರು ಬಂತು. ನಮ್ಮ ಕ್ಲಾಸಿನ ಒಬ್ಬನ ಮಾವ ಗಂಗೊಳ್ಳಿ ಕಡೆಯ ಮೀನುಗಾರರು. ಇಷ್ಟು ವರ್ಷ ಬೇರೆಯವರ ದೋಣಿಯಲ್ಲಿ ದುಡಿದು, ಈಗ ಅತ್ತೆಯ ಬಳೆ ಅಡವಿಟ್ಟು ಸ್ವಂತಕ್ಕೊಂದು ಹಳೆ ಫೈಬರ್ ದೋಣಿ ತಗೊಳ್ಳಬೇಕು ಅಂತಿದ್ದರು. ಹಿಂದೆ ಔಟ್‌ಬೋರ್ಡ್ ಎಂಜಿನ್ ಇರುವ ದೋಣಿ. "ನೀವು ಇಂಜಿನಿಯರಿಂಗ್ ಓದೋರಲ್ವಾ, ಬನ್ನಿ" ಅಂದರು. ನಾಲ್ಕು ಜನ ಹೋದೆವು. ನಿಜ ಹೇಳಬೇಕೆಂದರೆ, ಪಾಠ ಮಾಡಿದ್ದು ನಾವಲ್ಲ, ಜೊತೆಗೆ ಬಂದ ಮೆಕ್ಯಾನಿಕ್ ಅಣ್ಣ. ನಾವು ಮಾಡಿದ್ದು ಅವರು ತೋರಿಸಿದ್ದನ್ನು ನಮ್ಮ ಸಿಲಬಸ್ ಜೊತೆ ಹೊಂದಿಸಿ ನೋಡಿದ್ದು ಅಷ್ಟೇ.

ಅವರು ಮೊದಲೇ ಹೇಳಿದ ಮಾತು: "ನೀರು ಎಲ್ಲಿರಬಾರದೋ ಅಲ್ಲಿ ಇದೆಯಾ, ಎಲ್ಲಿರಬೇಕೋ ಅಲ್ಲಿ ಇಲ್ವಾ, ಇಷ್ಟು ನೋಡಿ ಸಾಕು." ಕೆಳಗಿನದೆಲ್ಲ ಈ ಒಂದೇ ಪ್ರಶ್ನೆಯ ವಿಸ್ತಾರ.

1. ಎಂಜಿನ್ ತಣ್ಣಗಿದೆಯಾ?

ಹೋದ ತಕ್ಷಣ ಎಂಜಿನ್ ಮೇಲೆ ಕೈಯಿಟ್ಟು ನೋಡಬೇಕು. ಬಿಸಿಯಾಗಿದ್ದರೆ ಮಾರುವವರು ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತೆ, ಕಾಯಿಲೆ ಬಚ್ಚಿಟ್ಟುಕೊಳ್ಳುತ್ತೆ. ಆರುವವರೆಗೆ ಚಹಾ ಕುಡಿದು ಬಂದರೂ ಪರವಾಗಿಲ್ಲ. ಸೀಮೆಎಣ್ಣೆ ಎಂಜಿನ್ ಆದರೆ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸ್ತಾರೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲ್. ಈ ಎರಡೂ ಬದಲಾವಣೆ ಆಗುವಾಗ ಎಂಜಿನ್ ತಡವರಿಸುತ್ತಾ ಅಂತ ಗಮನಿಸಿ.

ಒಂದು ಎಚ್ಚರಿಕೆ: ದಡದಲ್ಲಿ ಒಣ ಎಂಜಿನ್ ಓಡಿಸಲೇಬಾರದು. ನೀರೆತ್ತುವ ಪಂಪಿನ ಇಂಪೆಲ್ಲರ್ ರಬ್ಬರಿನದು, ಅದಕ್ಕೆ ನೀರೇ ಲೂಬ್ರಿಕೆಂಟ್. ಎಂಜಿನ್ನಿನ ಕೆಳಭಾಗ ನೀರು ತುಂಬಿದ ಡ್ರಮ್‌ನಲ್ಲಿ ಮುಳುಗಿರಲಿ.

2. ಎಂಜಿನ್ ಹಿಂದಿನ ಸಣ್ಣ ಧಾರೆ

ಸ್ಟಾರ್ಟ್ ಆದ ಮೇಲೆ ಎಂಜಿನ್ ಹಿಂಭಾಗದಿಂದ ಸಣ್ಣ ಧಾರೆಯಾಗಿ ನೀರು ಹೊರಗೆ ಬರಬೇಕು. ಕೂಲಿಂಗ್ ನೀರು ಓಡಾಡ್ತಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಧಾರೆ ಬಡವಾಗಿದ್ದರೆ ಮೊದಲು ತೂತಿಗೆ ಸಣ್ಣ ತಂತಿ ಹಾಕಿ ನೋಡಿ, ಉಪ್ಪು ಕಟ್ಟಿರಬಹುದು. ಆಗಲೂ ಸರಿಹೋಗದಿದ್ದರೆ ಇಂಪೆಲ್ಲರ್ ಸವೆದಿದೆ ಅಥವಾ ಒಳಗಿನ ದಾರಿಗಳೇ ಉಪ್ಪಿನಿಂದ ಕಟ್ಟಿವೆ. ಇಂಪೆಲ್ಲರ್ ಸಣ್ಣ ಖರ್ಚು, ಎರಡನೆಯದು ದೊಡ್ಡ ತಲೆನೋವು.

3. ಕಂಪ್ರೆಷನ್

ನಮಗೆ ಖುಷಿಯಾದ ಭಾಗ ಇದು, ಯಾಕೆಂದರೆ ಲ್ಯಾಬಿನಲ್ಲಿ ನೋಡಿದ ಗೇಜ್ ಇಲ್ಲೂ ಕಂಡಿತು! ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಇಗ್ನಿಷನ್ ಕಟ್ ಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಹಗ್ಗ ಎಳೀಬೇಕು. ಬಂದ ಅಂಕಿಗಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅದು ಸುಮಾರು 10 ಶೇಕಡಾ ಒಳಗಿದ್ದರೆ ಒಳ್ಳೆಯದು. ಒಂದರಲ್ಲಿ 100 ಪಿಎಸ್‌ಐ, ಇನ್ನೊಂದರಲ್ಲಿ 75 ಬಂತು ಅಂದ್ರೆ ರಿಂಗ್, ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಯಾವುದೋ ಹೋಗಿದೆ. ಬಿಚ್ಚಿದ ಪ್ಲಗ್‌ಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಮಾತ್ರ ಉಗಿಯಲ್ಲಿ ತೊಳೆದ ಹಾಗೆ ಫಳಫಳ ಅಂದರೆ ಆ ಸಿಲಿಂಡರಿಗೆ ನೀರು ಹೋಗ್ತಿರಬಹುದು.

4. ಗೇರ್ ಆಯಿಲ್

ಇದನ್ನು ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ನೋಡಿದರೆ ಉತ್ತಮ. ಪ್ರೊಪೆಲ್ಲರ್ ಹತ್ತಿರ, ಗೇರ್ ಕೇಸಿನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ರಾತ್ರಿಯಿಡೀ ನಿಂತ ಎಂಜಿನ್ ಆದರೆ ಮೊದಲು ಹೊರಬರೋದು ನೀರೇ. ಎಣ್ಣೆ ಹಾಲು ಬೆರೆಸಿದ ಕಾಫಿ ಥರ ಇದ್ದರೆ ಸೀಲ್ ಹೋಗಿದೆ. ಇದಕ್ಕೆ ಹೆಚ್ಚಿನ ಸಲ ಕಾರಣ ಪ್ರೊಪೆಲ್ಲರ್ ಹಿಂದೆ ಶಾಫ್ಟಿಗೆ ಸುತ್ತಿಕೊಂಡ ಬಲೆಯ ದಾರ. ಅದು ಬಿಗಿಯುತ್ತಾ ಬಿಗಿಯುತ್ತಾ ಸೀಲನ್ನೇ ಕೊಯ್ದುಬಿಡುತ್ತೆ. ಎಣ್ಣೆಯಲ್ಲಿ ಕಬ್ಬಿಣದ ಚೂರು ಸಿಕ್ಕರೆ ಗೇರ್ ಹಲ್ಲು ಒಡೆದಿದೆ ಅಂತ ತಿಳೀಬೇಕು.

5. ದೋಣಿಯ ಮೈ

ಎಂಜಿನ್ ಕೆಟ್ಟರೆ ಬೇರೆ ತರಬಹುದು. ಮೈ ಕೆಟ್ಟರೆ ದೋಣಿಯೇ ಇಲ್ಲ. ಮೆಕ್ಯಾನಿಕ್ ಅಣ್ಣ ಜೇಬಿಂದ ಸ್ಕ್ರೂಡ್ರೈವರ್ ತೆಗೆದು ಅದರ ಪ್ಲಾಸ್ಟಿಕ್ ಹಿಡಿಯಿಂದ ಅಂಗೈ ಅಗಲಕ್ಕೊಂದು ಸಲ ತಟ್ಟುತ್ತಾ ಹೋದರು. ಗಟ್ಟಿ ಫೈಬರ್ "ಟಣ್" ಅನ್ನುತ್ತೆ. ಪದರ ಬಿಟ್ಟಿದ್ದರೆ, ನೀರು ಕುಡಿದಿದ್ದರೆ "ಡಬ್" ಅನ್ನುತ್ತೆ. ಕಣ್ಣು ಮುಚ್ಚಿಕೊಂಡರೂ ವ್ಯತ್ಯಾಸ ಗೊತ್ತಾಗುತ್ತೆ.

ಮೇಲ್ಮೈಯಲ್ಲಿ ಗುಳ್ಳೆಗಳಿದ್ದರೆ ಅದು ಆಸ್ಮಾಸಿಸ್. ಹೊರಗಿನ ಜೆಲ್‌ಕೋಟ್ ದಾಟಿ ನೀರು ನಿಧಾನವಾಗಿ ಒಳಗಿಳಿದು, ರಾಳದ ಅಂಶಗಳನ್ನು ಕರಗಿಸಿಕೊಂಡು ಒತ್ತಡ ಕಟ್ಟುತ್ತೆ. ಕೂದಲೆಳೆಯಂಥ ಬಿರುಕುಗಳು ಒಂದೇ ಬಿಂದುವಿನಿಂದ ಜೇಡರ ಬಲೆ ಥರ ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ. ಒಂದು ಕಡೆ ಮಾತ್ರ ಹೊಸ ಪೇಂಟ್ ಇದ್ದರೆ ಅಲ್ಲೇ ಹೆಚ್ಚು ಹೊತ್ತು ತಟ್ಟಿ.

6. ಟ್ರಾನ್ಸಮ್

ಎಂಜಿನ್ ಕಚ್ಚಿಕೊಂಡಿರುವ ಹಿಂದಿನ ಗೋಡೆಯೇ ಟ್ರಾನ್ಸಮ್. ಎಷ್ಟೋ ದೋಣಿಗಳಲ್ಲಿ ಇದು ಫೈಬರ್ ನಡುವೆ ಪ್ಲೈವುಡ್ ಇಟ್ಟ ಸ್ಯಾಂಡ್‌ವಿಚ್. ಬೋಲ್ಟ್ ತೂತಿನಿಂದ ನೀರು ಇಳಿದರೆ ಹೊರಗೆ ಏನೂ ಕಾಣದೆ ಒಳಗೆ ಮರ ಕೊಳೆಯುತ್ತೆ. ಪ್ರೊಪೆಲ್ಲರ್ ತಳ್ಳೋದು ಕೆಳಗೆ, ಹಿಡಿತ ಇರೋದು ಮೇಲೆ, ಅಂದರೆ ಎಂಜಿನ್ ಓಡಿದಷ್ಟು ಹೊತ್ತೂ ಈ ಗೋಡೆಯ ಮೇಲೆ ಬೆಂಡಿಂಗ್ ಮೊಮೆಂಟ್. ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇಲ್ಲಿ ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಒಬ್ಬರ ಜೀವ.

ಪರೀಕ್ಷೆ ಸರಳ. ಎಂಜಿನ್ ಓರೆಯಾಗಿ ಎತ್ತಿ ನಿಲ್ಲಿಸಿ, ಅದರ ತುದಿ ಹಿಡಿದು ಮೇಲೆ ಕೆಳಗೆ ಒತ್ತಿ. ಇನ್ನೊಬ್ಬರು ಗೋಡೆಯ ಅಂಚು ನೋಡ್ತಿರಲಿ. ಅದು ಅಲುಗಬಾರದು.

ನಾವು ನೋಡಿದ ದೋಣಿಯಲ್ಲಿ ಅಲುಗಿತು. ಎಂಜಿನ್ ಪರವಾಗಿರಲಿಲ್ಲ, ಗೇರ್ ಆಯಿಲ್ ಶುದ್ಧವಾಗಿತ್ತು, ಪೇಂಟ್ ಹೊಳೀತಿತ್ತು. ಆದರೆ ಒತ್ತಿದಾಗ ಬೋಲ್ಟಿನ ಸುತ್ತ ಸಣ್ಣಗೆ ಕಂದು ನೀರು ಜಿನುಗಿತು. ಯಾರೂ ಮಾತಾಡಲಿಲ್ಲ. ಮಾರುವವರು ಬೆಲೆ ಇಳಿಸ್ತೀನಿ ಅಂದರು. ಮಾವ ಒಂದು ನಿಮಿಷ ಯೋಚಿಸಿ, "ಬೇಡ ಅಣ್ಣ, ಅಳಿವೆ ದಾಟುವಾಗ ಬೆಲೆ ನೆನಪಾಗೋದಿಲ್ಲ" ಅಂದರು.

7. ಇಲ್ಲಿವರೆಗೆ ಪಾಸಾದರೆ ಮಾತ್ರ ನೀರಿಗೆ

ದೋಣಿಯ ತಳ ಒರೆಸಿ ಒಣಗಿಸಿ ಇಳಿಸಿ. ಲೈಫ್ ಜಾಕೆಟ್ ಹಾಕಿ, ಅಳಿವೆಯ ಒಳಗಿನ ಶಾಂತ ನೀರಿನಲ್ಲೇ ಅರ್ಧ ಗಂಟೆ ಓಡಿಸಿ, ರಿವರ್ಸ್ ಕೂಡ ಹಾಕಿ ನೋಡಿ. ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ಕಂಪನಿ ಮ್ಯಾನುಯಲ್ ಹೇಳಿದ ಮಿತಿಯೊಳಗೆ ಬರಬೇಕು. ಕಮ್ಮಿ ಬಂದರೆ ಎಂಜಿನ್ ಸೋತಿದೆ, ಅಥವಾ ಪ್ರೊಪೆಲ್ಲರ್ ದೊಡ್ಡದಾಯ್ತು, ಅಥವಾ ನೀರು ಕುಡಿದ ದೋಣಿ ಭಾರವಾಗಿದೆ. ವಾಪಸ್ ಬಂದು ತಳ ನೋಡಿ. ಒರೆಸಿದ ಜಾಗ ಒದ್ದೆಯಾಗಿದ್ದರೆ ಎಲ್ಲಿಂದ ಅಂತ ಹುಡುಕಲೇಬೇಕು. ಕೊನೆಗೆ ಕಾಗದಪತ್ರ: ನೋಂದಣಿ ಯಾರ ಹೆಸರಲ್ಲಿದೆ, ಎಂಜಿನ್ ನಂಬರ್ ತಾಳೆಯಾಗುತ್ತಾ, ಸಾಲ ಬಾಕಿ ಇದೆಯಾ.

ಮಾವ ಇನ್ನೂ ದೋಣಿ ಹುಡುಕ್ತಿದ್ದಾರೆ. ಬಳೆಯ ದುಡ್ಡು ಹಾಗೇ ಇದೆ. ಮುಂದಿನ ರಜೆಗೆ ಮತ್ತೆ ಕರೆದಿದ್ದಾರೆ. ಈ ಸಲ ಸ್ಕ್ರೂಡ್ರೈವರ್ ನಾವೇ ಒಯ್ಯುತ್ತೇವೆ.