ಪೇರಲ ಜೆಲ್ಲಿ ಗಟ್ಟಿ ಆಗೋದು ಹೆಂಗ?

ಪೇರಲ ಜೆಲ್ಲಿಗೆ ಅಂಗಡಿಯ ಜೆಲಟಿನ್ ಬೇಕಿಲ್ಲ. ಹಣ್ಣಲ್ಲೇ ಪೆಕ್ಟಿನ್ ಐತಿ, ಅರೆಗಾಯಿಯಲ್ಲಿ ಇನ್ನೂ ಜಾಸ್ತಿ. ಸಿಪ್ಪೆ, ಬೀಜ ಸಮೇತ ಹೆಚ್ಚಿ, ಮುಳುಗುವಷ್ಟು ನೀರಲ್ಲಿ ಅರ್ಧ ತಾಸು ಕುದಿಸಿ ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ಜೆಲ್ಲಿ ಮಬ್ಬಾಗುತ್ತೆ. ಒಂದು ಲೀಟರ್ ರಸಕ್ಕೆ 750 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ ಹಾಕಿ ಮತ್ತೆ ಕುದಿಸಿ.

ಪೆಕ್ಟಿನ್ ಸರಪಳಿಗಳ ಮೇಲೆ ಋಣ ಚಾರ್ಜ್ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ನಿಂಬೆಯ ಆಮ್ಲ ಆ ಚಾರ್ಜ್ ಕಡಿಮೆ ಮಾಡುತ್ತೆ, ಸಕ್ಕರೆ ನೀರನ್ನು ಎಳೆದುಕೊಳ್ಳುತ್ತೆ. ಆಗ ಸರಪಳಿಗಳು ಬಲೆಯಂತೆ ಹೆಣೆದುಕೊಂಡು ರಸವನ್ನು ಹಿಡಿದಿಡುತ್ತವೆ.

ಯಾವಾಗ ಇಳಿಸಬೇಕು? 105 ಡಿಗ್ರಿ ಅಂತಾರೆ, ಆದರೆ ಅದು ಸಮುದ್ರ ಮಟ್ಟದ ಲೆಕ್ಕ. ನಮ್ಮ ಸೂಡಿಯಲ್ಲಿ ನೀರು 100ಕ್ಕಿಂತ ಮೊದಲೇ ಕುದಿಯುತ್ತೆ. ಹಂಗಾಗಿ ಬರೀ ನೀರು ಎಷ್ಟಕ್ಕೆ ಕುದಿಯುತ್ತೆ ನೋಡಿ, 5 ಡಿಗ್ರಿ ಕೂಡಿಸಿ. (ಅಡುಗೆ ಥರ್ಮಾಮೀಟರ್ ಬೇಕು, ಲ್ಯಾಬಿನ ಪಾದರಸದ್ದು ಬೇಡ!) ಇಲ್ಲಾಂದ್ರೆ ತಣ್ಣನೆ ತಟ್ಟೆಗೆ ಒಂದು ಹನಿ ಬಿಡಿ. ಬೆರಳಿಂದ ತಳ್ಳಿದಾಗ ಸುಕ್ಕುಗಟ್ಟಿದ್ರೆ ಆಯ್ತು.

ಗಾಜಿನ ಬಾಟಲಿಯನ್ನು 10 ನಿಮಿಷ ಕುದಿಸಿ, ಬಿಸಿ ಇದ್ದಾಗಲೇ ತುಂಬಿ ಮುಚ್ಚಿ. ಆರಿದ ಮೇಲೆ ಫ್ರಿಜ್, ಒಣ ಚಮಚ. ಇಷ್ಟು ಸಕ್ಕರೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ, ಬೂಸ್ಟು ಮಾತ್ರ ಬೆಳೆಯುತ್ತೆ. ಹಾಸ್ಟೆಲ್‌ನಲ್ಲಿ ಮೇಲಿನ ಬೂಸ್ಟು ತೆಗೆದು ಉಳಿದದ್ದನ್ನು ತಿನ್ನೋರಿದ್ದಾರೆ. ಅದರ ಎಳೆ, ವಿಷ ಕಣ್ಣಿಗೆ ಕಾಣದೆ ಕೆಳಗಿಳಿದಿರಬಹುದು. ಅಂಥ ಬಾಟಲಿಯನ್ನು ಪೂರ್ತಿ ಚೆಲ್ಲಿ.